ನಾಟಿ ಗುಂಪಿನ ಹಿರೇತನ

ಈ ಹೊತ್ತು ಆದ ಕೆಲಸ: ನಲ್ಲಿ ನೀರು ಹಿಡಿದದ್ದು, ಎಮ್ಮೆ ಹಿಂಡಿದ್ದು, ಬಟ್ಟೆ ಒಗೆದು ಹರವಿದ್ದು, ಎರಡು ಫ್ಲಾಸ್ಕ್ ಚಹಾ ಕಾಸಿದ್ದು, ಮೆಟ್ರಿ ಊರಿನ ನಮ್ಮ ಗದ್ದೆಗೆ ಭತ್ತದ ನಾಟಿ ಮಾಡಿಸಿದ್ದು. ಕೊನೆಯದು ಬರೆದಷ್ಟು ಸುಲಭಕ್ಕೆ ಆಗಲಿಲ್ಲ.

ನಾಟಿ ಗುಂಪನ್ನು ವರ್ಷಗಳಿಂದ ನಡೆಸುತ್ತಿದ್ದ ಹೆಂಗಸು ಮಗಳ ಬಾಣಂತನಕ್ಕೆ ಸಂಡೂರಿಗೆ ಹೋಗಿದ್ದಳು. ಕಿತ್ತ ಸಸಿಯ ಕಟ್ಟುಗಳು ಬದುವಿನ ಮೇಲಿದ್ದವು. ನಾಳೆಗೆ ಗುಂಪು ಬೇರೆಯವರಿಗೆ ಮಾತು ಕೊಟ್ಟಿತ್ತು. ಹೊತ್ತು ಮುಳುಗುವುದರೊಳಗೆ ಮುಗಿಯದಿದ್ದರೆ ಉಳಿದ ಸಸಿ ಬಾಡಿದಂತೆಯೇ.

ಎಂ.ಎ. ಓದುತ್ತಿರುವ ನನ್ನ ಮಗಳು ಬೆಳಿಗ್ಗೆ ಒಂದು ಮಾತು ಹೇಳಿದ್ದಳು. ಹೆಚ್ಚು ಮಾತಾಡಿದವರನ್ನೇ ಗುಂಪು ತನ್ನ ಮುಂದಾಳು ಅಂದುಕೊಳ್ಳುತ್ತದೆಂದು ಸಂಶೋಧಕರು ಕಂಡುಕೊಂಡಿದ್ದಾರಂತೆ. ಏನು ಮಾತಾಡಿದರು ಎಂಬುದು ಅಷ್ಟಾಗಿ ಲೆಕ್ಕಕ್ಕಿಲ್ಲವಂತೆ. ನಾನು ನಕ್ಕಿದ್ದೆ. ಗದ್ದೆಯಲ್ಲಿ ಹಾಗೆಯೇ ಆಯಿತು. ದೊಡ್ಡ ದನಿಯವಳೊಬ್ಬಳು ಸೀರೆ ಎತ್ತಿ ಕಟ್ಟುವ ಮೊದಲೇ ಮಾತು ಶುರು ಮಾಡಿದಳು. ಎಲ್ಲರೂ ತಲೆಯಾಡಿಸಿದರು, ನಾನೂ ಸೇರಿ.

ಕೈ ಚುರುಕಿನವರನ್ನೆಲ್ಲ ಅವಳು ಒಂದು ಕಡೆ ನಿಲ್ಲಿಸಿದಳು, ನಿಧಾನದವರನ್ನು ಇನ್ನೊಂದು ಕಡೆ. ನಾಟಿ ಹಚ್ಚುವವರು ಹಿಂದಕ್ಕೆ ಸರಿಯುತ್ತ ಬರಬೇಕು, ಸಾಲು ಒಟ್ಟಿಗೆ ಸರಿಯಬೇಕು. ಹತ್ತು ಗಂಟೆಗೆಲ್ಲ ಚುರುಕಿನವರು ಬದು ಮುಟ್ಟಿ ಸೊಂಟ ಹಿಡಿದು ನಿಂತಿದ್ದರು. ನಿಧಾನದವರು ಇನ್ನೂ ನಡುಗದ್ದೆಯಲ್ಲಿದ್ದರು.

"ಯಕ್ಕಾ, ಅಲ್ಲೇ ಮನಿ ಕಟ್ಟಿಸ್ತೀಯೇನ?" ಎಂದು ಒಬ್ಬಳು ಎಲ್ಲರಿಗಿಂತ ವಯಸ್ಸಾದವಳನ್ನು ಕೆಣಕಿದಳು. ಆಕೆಯ ಪರವಾಗಿ ಇನ್ನೊಬ್ಬಳು ಬೈದಳು, ಕೆಲಸ ನಿಂತಿತು. ನಾನು ಸೂರ್ಯನನ್ನು ನೋಡಿದೆ, ಸಸಿ ನೋಡಿದೆ, ಚಹಾ ಬಗ್ಗಿಸಿದೆ.

ಚಹಾ ಕುಡಿದ ಮೇಲೆ, ಅಲ್ಲಿಯತನಕ ತುಟಿ ಬಿಚ್ಚದ ಒಬ್ಬಳು ಎದ್ದು ಹೋಗಿ ಆ ವಯಸ್ಸಾದವಳ ಮಗ್ಗುಲಿಗೆ ನಿಂತಳು. ಇನ್ನೊಬ್ಬ ಚುರುಕಿನವಳ ಕೈ ಹಿಡಿದು ತಂದು ಆಚೆ ಬದಿಗೆ ನಿಲ್ಲಿಸಿದಳು. ಇಬ್ಬರೂ ತಮ್ಮ ಪಾಲಿನ ಜೊತೆಗೆ ಆಕೆಯ ಪಾಲಿನಲ್ಲೂ ಎರಡೆರಡು ಹಿಡಿ ಹಚ್ಚುತ್ತ ಬಂದರು. ವಯಸ್ಸಾದವಳು ಹಿಂದೆ ಬೀಳಲಿಲ್ಲ. ಅದನ್ನು ನೋಡಿ ಉಳಿದವರೂ ಯಾರೂ ಹೇಳದೆಯೇ ಹಾಗೆ ಬೆರೆತು ನಿಂತರು. ಮಧ್ಯಾಹ್ನದ ಹೊತ್ತಿಗೆ ಆ ಮೌನದವಳು ನಡು ನೆಟ್ಟಗೆ ಮಾಡಿದರೆ ಇಡೀ ಸಾಲು ನೆಟ್ಟಗಾಗುತ್ತಿತ್ತು, ಅವಳು ಬಗ್ಗಿದರೆ ಬಗ್ಗುತ್ತಿತ್ತು.

ದೊಡ್ಡ ದನಿಯವಳು ಸುಮ್ಮನಾಗಿದ್ದಳು. ಮುನಿಸಿಕೊಂಡು ಎದ್ದು ಹೋದಾಳೆಂದು ನನಗೆ ಅಂಜಿಕೆ.

"ಲೇ, ಇದನ್ನ ಮುಂಜಾನೆ ಹೇಳಾಕ ನಿನ್ನ ಬಾಯಿಗೆ ಏನಾಗಿತ್ತು?" ಎಂದು ಅವಳು ಮೌನದವಳನ್ನು ಕೇಳಿದಳು.

"ನೀ ಬಿಟ್ರ ಹೇಳ್ತಿದ್ನಲ್ಲ," ಎಂದಳು ಮೌನದವಳು.

ಸಾಲಿಗೆ ಸಾಲೇ ನಕ್ಕಿತು. ದೊಡ್ಡ ದನಿಯವಳೂ ನಕ್ಕಳು.

"ಆತು ಬಿಡು. ನಾಳಿಂದ ನೀ ಸಾಲು ನಿಲ್ಸು, ನಾ ಕೂಗ್ತೀನಿ."

ಕೊನೆಯ ಕಟ್ಟು ಬಿಚ್ಚಿದಾಗ ಹೊತ್ತು ಮುಳುಗಲು ಇನ್ನೂ ಮೊಳದಷ್ಟಿತ್ತು. ವಯಸ್ಸಾದವಳು ಎಲ್ಲರ ಜೊತೆಗೇ ಕಾಲುವೆಗಿಳಿದು ಕಾಲು ತೊಳೆದಳು.

ಮನೆಯಲ್ಲಿ ಬಿಸಿ ಅನ್ನ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ದಿನವಿಡೀ ನಾಟಿಯವರಿಗೆ ಸಸಿ ಕಟ್ಟು ಎಸೆದಿದ್ದ ನಮ್ಮ ಮನೆಯವರು ಉಂಡು ಕೈ ತೊಳೆದು ಬಂದು ಗೋಡೆಗೆ ಒರಗಿದವರು, ಹಾಸಿಗೆ ಹಾಸುವುದರೊಳಗೆ ನಿದ್ದೆ ಹೋಗಿದ್ದರು.