ಇಪ್ಪತ್ತೈದರ ಇಪ್ಪತ್ತೈದು ಗಂಟು

ಆ ವಾರ ಕೋಚಿಂಗ್ ಕ್ಲಾಸಿನಲ್ಲಿ ಐದರಲ್ಲಿ ಮುಗಿಯುವ ಸಂಖ್ಯೆಗಳ ಪಾಠ ನಡೆದಿತ್ತು. ಬ್ಯಾಂಕ್ ಪರೀಕ್ಷೆಗೆಂದು ಕುಕನೂರಿನಿಂದ ದಿನಾ ಕೊಪ್ಪಳಕ್ಕೆ ಹೋಗಿಬರುತ್ತಿದ್ದೆ. ಬಸ್ಸಿನಲ್ಲಿ ಬಾಯಿಲೆಕ್ಕ ಮಾಡಿ, ಸರಿ ಎಷ್ಟು ತಪ್ಪು ಎಷ್ಟು ಎಂದು ಡೈರಿಗೆ ಇಳಿಸುವುದು ನನ್ನ ರೂಢಿ. ಮಂಗಳವಾರದ ಸಾಲು: ಇಪ್ಪತ್ತು ಗುಣಾಕಾರ, ಹದಿನೆಂಟು ಸರಿ. ಮೂವತ್ತೈದನ್ನು ಮೂವತ್ತೈದರಿಂದ ಗುಣಿಸಬೇಕೇ? ಮೂರನ್ನು ಅದರ ಮುಂದಿನ ನಾಲ್ಕರಿಂದ ಗುಣಿಸಿ, ಬಂದ ಹನ್ನೆರಡರ ಪಕ್ಕ ಇಪ್ಪತ್ತೈದು ಇಟ್ಟರೆ ಮುಗಿಯಿತು. ಸಾವಿರದ ಇನ್ನೂರ ಇಪ್ಪತ್ತೈದು. ಪೆನ್ನೇ ಬೇಡ.

ಬುಧವಾರ ಕ್ಲಾಸಿಗೆ ಹೋಗಲಿಲ್ಲ. ಮನೆಯಲ್ಲಿ ಅಕ್ಕನ ಚೊಚ್ಚಲ ಬಸಿರಿನ ಕುಬಸ, ಅಂದರೆ ಸೀಮಂತ. ಹನುಮಸಾಗರದ ಬೀಗರೂ ಸೇರಿ ಊಟಕ್ಕೆ ಇನ್ನೂರ ಇಪ್ಪತ್ತೈದು ಜನ. ಖಡಕ್ ರೊಟ್ಟಿಯನ್ನು ಅಪ್ಪ ಯಲಬುರ್ಗಾದಲ್ಲಿ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿಗೆ ಫೋನಿನಲ್ಲೇ ಹೇಳಿದ್ದ. ತಲೆಗೆ ಎರಡೂವರೆ ರೊಟ್ಟಿ ಎಂಬುದು ನಮ್ಮ ಮನೆಯ ಅಂದಾಜು. ಅಂದರೆ ಐದುನೂರ ಅರವತ್ತರ ಮೇಲೆ ಬೇಕು.

ಮುಂಜಾನೆ ಆಟೋದಲ್ಲಿ ರೊಟ್ಟಿ ಬಂದಿಳಿದಾಗ ಅಪ್ಪ ಬೀಗರನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋಗಿದ್ದ. ಫೋನು ಮನೆಯಲ್ಲೇ ಚಾರ್ಜಿಗಿತ್ತು. ಪಡಸಾಲೆಯಲ್ಲಿಟ್ಟ ಬಟ್ಟೆಯ ಗಂಟುಗಳನ್ನು ನೋಡಿ ಅಪ್ಪನ ಅತ್ತಿಗೆಯಾದ ದೊಡ್ಡವ್ವ ಎದೆ ಮೇಲೆ ಕೈಯಿಟ್ಟಳು.

"ನಿಮ್ಮಪ್ಪ ಫೋನಿನ್ಯಾಗ 'ಸವಾ ನೂರು ಮಂದಿ' ಅಂದಾನ. ನಾ ಈ ಕಿವೀಲೆ ಕೇಳೀನಿ."

ನಮ್ಮ ಕಡೆ ಹಿರಿಯರಿಗೆ ಸವಾ ನೂರು ಎಂದರೆ ನೂರ ಇಪ್ಪತ್ತೈದು. ಸವಾ ಎರಡುನೂರು ಎಂದರೆ ಇನ್ನೂರ ಇಪ್ಪತ್ತೈದು. ನಡುವಿನ 'ಎರಡು' ಜಾರಿದರೆ ನೂರು ಜನರ ಎಲೆಗೆ ರೊಟ್ಟಿಯಿಲ್ಲ.

ಹಸಿರು ಸೀರೆಯುಟ್ಟು ಕೂತಿದ್ದ ಅಕ್ಕನ ಮುಖ ಸಣ್ಣದಾಯಿತು. "ರೊಟ್ಟಿ ಕಡಿಮಿ ಬಿದ್ರ ನಮ್ಮತ್ತಿ ಈ ಕೂಸು ಸಾಲಿಗೆ ಹೋಗೂತನಕ ಅದನ್ನ ಆಡಿ ತೋರಸ್ತಾಳ."

"ಬಿಚ್ಚಿ ಎಣಿಸೂಣು," ಎಂದಳು ದೊಡ್ಡವ್ವ.

ಆಟೋದವನು ಅಡ್ಡ ಬಂದ. "ಬ್ಯಾಡ್ರಿ ಯವ್ವಾ! ಬಿಚ್ಚಿ ಕಟ್ಟಿದ್ರ ಎಲ್ಲಾ ಚೂರಾಗ್ತಾವ. ಗಂಟಿಗೆ ಇಪ್ಪತ್ತೈದು ಅಂತ ಹೇಳಿ ಕಳಿಸ್ಯಾರ."

ಗಂಟುಗಳು ಐದೈದರ ಐದು ಸಾಲಿನಲ್ಲಿದ್ದವು. ಇಪ್ಪತ್ತೈದು ಗಂಟು. "ಆರನೂರ ಇಪ್ಪತ್ತೈದು ರೊಟ್ಟಿ. ಸಾಕು," ಎಂದೆ.

"ಬಂದ್ಲು ನೋಡು ದೀಡ ಪಂಡಿತಿ! ಹೆಂಗ?" ಎಂದಳು ದೊಡ್ಡವ್ವ.

"ಎರಡು ಮೂರ್ಲೆ ಆರು. ಪಕ್ಕದಾಗ ಇಪ್ಪತ್ತೈದು."

"ಮೂರು ಎಲ್ಲಿಂದ ಬಂತ? ಇಪ್ಪತ್ತು ಇಪ್ಪತ್ಲೆ ನಾಕನೂರು, ಐದು ಐದ್ಲೆ ಇಪ್ಪತ್ತೈದು. ನಾಕನೂರ ಇಪ್ಪತ್ತೈದ ಆತು. ಹೋತು ನಮ್ಮ ಮಾನ!" ಎಂದವಳೇ ಸೆರಗು ಸಿಕ್ಕಿಸಿ ಹಿಟ್ಟಿನ ಡಬ್ಬಿಗೆ ಕೈಹಾಕಿದಳು.

ಅವಳ ಲೆಕ್ಕ ಕೇಳಲು ಎಷ್ಟು ಸರಿಯಾಗಿತ್ತೆಂದರೆ ಒಂದು ಕ್ಷಣ ನನಗೇ ಅನುಮಾನ ಬಂತು. ಇಪ್ಪತ್ತನ್ನೂ ಐದನ್ನೂ ಎರಡು ಸಲ ಅಡ್ಡಡ್ಡ ಗುಣಿಸುವುದನ್ನು ಅವಳು ಬಿಟ್ಟಿದ್ದಳು. ಅಲ್ಲೇ ಇನ್ನೂರು ಉದುರಿತ್ತು. ಆದರೆ ಆ ಗಡಿಬಿಡಿಯಲ್ಲಿ ಅದನ್ನು ಯಾರು ಕೇಳುತ್ತಾರೆ? ಅವಳ ದಾರಿಯಲ್ಲೇ ಹೋದೆ.

"ದೊಡ್ಡವ್ವಾ, ನೂರರ ಪಾವು ಎಷ್ಟು?"

"ಇಪ್ಪತ್ತೈದು. ಅದನ್ನೇನ್ ಕೇಳ್ತಿ?"

"ಗಂಟಿಗೆ ನೂರು ರೊಟ್ಟಿ ಅಂತ ಹಿಡಿ. ಇಪ್ಪತ್ತೈದು ಗಂಟಿಗೆ?"

"ಇಪ್ಪತ್ತೈದು ನೂರು."

"ಈಗ ಅದರ ಪಾವು ತೆಗಿ. ಇಪ್ಪತ್ತೈದರ ಪಾವಕಿ ಹೇಳು."

ಪಾವಕಿ ಎಂದರೆ ಕಾಲು ಭಾಗದ ಮಗ್ಗಿ. ಅವಳ ಕಾಲದ ಸಾಲೆಯಲ್ಲಿ ಅದನ್ನು ಹಾಡಿನಂತೆ ಹೇಳಿಸುತ್ತಿದ್ದರಂತೆ. ಹಿಟ್ಟಿನ ಕೈಯಲ್ಲೇ ಅವಳು ರಾಗ ಹಿಡಿದಳು. "ಇಪ್ಪತ್ನಾಕು ಪಾವು ಆರು, ಇಪ್ಪತ್ತೈದು ಪಾವು ಸವಾ ಆರು..." ರಾಗ ನಿಂತಿತು. "ಸವಾ ಆರನೂರು! ಅಯ್ಯ, ಆರನೂರ ಇಪ್ಪತ್ತೈದ ಆತಲ್ಲ!"

ಅಕ್ಕ ಉಸಿರುಬಿಟ್ಟದ್ದು ನನಗೆ ಕೇಳಿಸಿತು. ನಗು ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡಳು. ಅಷ್ಟರಲ್ಲಿ ಬಂದ ಅಪ್ಪನನ್ನು ದೊಡ್ಡವ್ವ ಬಾಗಿಲಲ್ಲೇ ತಡೆದು, ಎಷ್ಟು ಮಂದಿಗೆ ಹೇಳಿದ್ದೆ ಎಂದು ಕೇಳಿದಳು.

"ನಾ ಅಂದಿದ್ದು ಸವಾ ಎರಡನೂರು," ಎಂದ ಅಪ್ಪ. "ನಿಮ್ಮ ಮಿಕ್ಸರ್ ಸಪ್ಪಳದಾಗ ಎರಡನ್ನ ನೀವ ರುಬ್ಬೀರಿ, ವೈನಿ."

ಮಧ್ಯಾಹ್ನ ಊಟದ ಸಾಲಿನಲ್ಲಿ ಅಕ್ಕನ ಅತ್ತೆ, ಸಾಕು ಎನ್ನುವಂತೆ ಎಲೆಯ ಮೇಲೆ ಕೈ ಅಡ್ಡ ಹಿಡಿದರು. ದೊಡ್ಡವ್ವ ಆ ಕೈಯನ್ನು ಮೆಲ್ಲಗೆ ಸರಿಸಿ ಒಂದರ ಮೇಲೊಂದು ಎರಡು ರೊಟ್ಟಿ ಇಟ್ಟಳು.

"ತಿನ್ರಿ ಬೀಗಿತ್ತಿ, ನಾಚಬ್ಯಾಡ್ರಿ. ಒಳಗ ಇನ್ನೂ ಭಾಳ ಅದಾವ."