ಅಂಗೈ ನಡುವಿನ ಸಂದಿ

ಎಪ್ಪತ್ತರ ದಶಕದಲ್ಲಿ ಮಂಡ್ಯದ ನಮ್ಮ ಕಾಲೇಜಿನ ಫಿಸಿಕ್ಸ್ ಲ್ಯಾಬಿಗೆ ಒಬ್ಬ ಅಟೆಂಡರ್ ಇದ್ದರು. ಹನಕೆರೆಯಿಂದ ರೈಲಿನಲ್ಲಿ ಬರುತ್ತಿದ್ದರು. ನಾನು ಗಾಜಿನ ಸಾಮಾನು ಮುಟ್ಟಿದರೆ ಸಾಕು, "ಉಸಾರು ಕಣವ್ವ" ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ಮೇಷ್ಟ್ರು ಸಿಲಬಸ್ಸಿನಲ್ಲಿಲ್ಲದ್ದೊಂದು ಹೇಳಿದರು: "ಗಾಳಿಯನ್ನೆಲ್ಲ ತೆಗೆದರೂ ಖಾಲಿ ಜಾಗದಲ್ಲಿ ಒಂದು ಕಂಪನ ಉಳಿಯುತ್ತೆ. ಎರಡು ಲೋಹದ ತಗಡನ್ನು ತೀರಾ ಹತ್ತಿರ ತಂದರೆ ಅವುಗಳ ನಡುವೆ ಅದು ಕಮ್ಮಿ, ಹೊರಗೆ ಜಾಸ್ತಿ. ಅದಕ್ಕೇ ತಗಡುಗಳು ತಾವಾಗಿ ಒಂದನ್ನೊಂದು ಒತ್ತಿಕೊಳ್ಳುತ್ತವೆ."

ನಾವು ಆಕಳಿಸುತ್ತ ಬರೆದುಕೊಂಡೆವು. ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ಬೆವತುಹೋಗಿದ್ದರು.

"ಏನೂ ಇಲ್ದಿರೋದೇ ಅದುಮ್ತದಾ ಸಾ?"

"ಬಹಳ ಸಣ್ಣ ಬಲ ಕಣಯ್ಯ, ಹೆದರಬೇಡ."

"ಸಣ್ದೋ ದೊಡ್ದೋ, ಅದು ಇಲ್ದಿರೋ ಜಾಗ ಎಲ್ಲೈತೆ ಸಾ?"

ಮೇಷ್ಟ್ರು ನಕ್ಕರು. ಬೋರ್ಡು ಒರೆಸತೊಡಗಿದರು.

ಮಾರನೆಯ ದಿನದಿಂದ ಅಟೆಂಡರ್ ಪ್ರತಿ ಎರಡು ಗಾಜಿನ ನಡುವೆ ಕಾಗದ ಇಡತೊಡಗಿದರು. ಯಾರಿಗೆ ನಮಸ್ಕಾರ ಮಾಡಿದರೂ ಅಂಗೈಗಳ ನಡುವೆ ಬೆರಳಷ್ಟು ಸಂದಿ ಬಿಡುತ್ತಿದ್ದರು. ಅವರ ಬೆನ್ನ ಹಿಂದೆ ನಾವು ಹಾಗೇ ಮಾಡಿ ತೋರಿಸಿ ನಗುತ್ತಿದ್ದೆವು.

ಪರೀಕ್ಷೆಯ ದಿನ ಬೆಳಗ್ಗೆ ದೇವರ ಮುಂದೆ ನಿಂತು ಕೈ ಮುಗಿಯಲು ಹೋದೆ. ಅಂಗೈಗಳು ಹತ್ತಿರ ಬಂದವು. ಇನ್ನು ಬೆರಳಷ್ಟು ದೂರವಿದ್ದಾಗ, ಅವನ್ನು ಕೂಡಿಸುತ್ತಿರುವುದು ನಾನೇ ಹೌದೋ ಅಲ್ಲವೋ ಎಂದು ಹೆದರಿ ಅಲ್ಲೇ ತಡೆದೆ.