ಶಿವಮಲ್ಲಪ್ಪ ಕೊಯ್ದ ಕಲ್ಲು

ಮೈಸೂರಿನ ಸಿದ್ಧಾರ್ಥನಗರದ ಶಿವಮಲ್ಲಪ್ಪನಿಗೆ ಕಲ್ಲು ಕೊಯ್ಯುವುದೇ ಕೆಲಸ. ಕಾಲೇಜೊಂದರ ಭೂವಿಜ್ಞಾನ ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ಅವನು ಮಾಡುತ್ತಿದ್ದುದು ಅದೊಂದೇ. ಗರಗಸದಲ್ಲಿ ಬಿಲ್ಲೆ ಕೊಯ್ದು, ಗಾಜಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿಕೊಡುವುದು. ಮೇಷ್ಟ್ರುಗಳು ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕಲ್ಲಿನ ಗುಣ ಬರೆಯುತ್ತಿದ್ದರು. ಎಸ್ಸೆಸ್ಸೆಲ್ಸಿ ಫೇಲಾಗಿದ್ದರೂ ಅವನ ಕೈಯ ಹದ ಇನ್ನೊಬ್ಬರಿಗೆ ಇರಲಿಲ್ಲ. ಲಕ್ಷ್ಮೀನರಸಿಂಹ ಮೇಷ್ಟ್ರು ಅಂಟಾರ್ಕ್ಟಿಕಾಕ್ಕೆ ಹೋಗಿ ತಂದ ಕಲ್ಲಿನ ಚೂರುಗಳನ್ನು ಅವನೊಬ್ಬನ ಕೈಗೇ ಕೊಟ್ಟಿದ್ದರು.

ತೊಂಬತ್ತೆಂಟರ ಜನವರಿಯಲ್ಲಿ ಮೇಷ್ಟ್ರು ಪೇಪರ್ ಹಿಡಿದುಕೊಂಡೇ ಒಳಗೆ ಬಂದು ಎಲ್ಲರಿಗೂ ಕಾಫಿ ತರಿಸಿದರು.

"ಒಪ್ಪಂದ ಜಾರಿಗೆ ಬಂತು ಕಣಯ್ಯ! ಇಪ್ಪತ್ತಾರು ದೇಶ ಒಪ್ಪಿಕೊಂಡಿವೆ. ಇನ್ನು ಅಂಟಾರ್ಕ್ಟಿಕಾದ ಆ ಹಿಮದ ನೆಲದಲ್ಲಿ ಯಾರೂ ಗಣಿ ತೋಡೋ ಹಾಗಿಲ್ಲ."

"ಅಲ್ಲಿ ಊರುಗೀರು ಅವೆಯಾ ಸಾ?" ಎಂದ ಶಿವಮಲ್ಲಪ್ಪ.

"ಎಲ್ಲಿ ಊರು? ಹಿಮ, ಹಕ್ಕಿ, ಅಷ್ಟೇ. ಹಾಗೇ ಇರಲಿ ಅಂತಲೇ ಇದೆಲ್ಲ."

ಶಿವಮಲ್ಲಪ್ಪನಿಗೆ ನಿಜಕ್ಕೂ ಖುಷಿಯಾಯಿತು. ಸಂಜೆ ಹೆಂಡತಿ ಪಾರ್ವತಮ್ಮನಿಗೂ ಹೇಳಿದ.

ಅದೇ ವರ್ಷ ಮಳೆಗಾಲದಲ್ಲಿ ಯಾವುದೋ ಗ್ರಾನೈಟ್ ಕಂಪನಿಯವರು ಪರೀಕ್ಷೆಗೆಂದು ಕರಿಕಲ್ಲೊಂದನ್ನು ತಂದಿಟ್ಟುಹೋದರು. ಚೀಟಿಯ ಮೇಲೆ ಚಾಮರಾಜನಗರದ ಕಡೆಯ ಅವನ ಹುಟ್ಟೂರಿನ ಹೆಸರಿತ್ತು. ಸಿದ್ದಪ್ಪನ ಗುಡ್ಡದ ಕಲ್ಲು. ಆ ಗುಡ್ಡದ ಬುಡದಲ್ಲೇ ಅವನ ಅಪ್ಪನನ್ನು ಮಣ್ಣು ಮಾಡಿದ್ದರು.

ಅವನು ಕಲ್ಲು ಹಿಡಿದುಕೊಂಡು ಮೇಷ್ಟ್ರ ಹತ್ತಿರ ಹೋದ.

"ಸಾ, ಇದು ನಮ್ಮೂರ ಗುಡ್ಡ. ನಮ್ಮಪ್ಪನ ಸಮಾಧಿ ಅಲ್ಲೇ ಇರೋದು. ಆ ಒಪ್ಪಂದ ಇದಕ್ಕೆ ಬರಾಕಿಲ್ವಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಬರಲ್ಲ ಶಿವಮಲ್ಲಪ್ಪ. ಅದು ಅಲ್ಲಿಗೆ ಮಾತ್ರ. ನಾವು ಬರೆದುಕೊಡದಿದ್ರೆ ಇನ್ಯಾರೋ ಬರೆದುಕೊಡ್ತಾರೆ."

ಎರಡು ದಿನ ಕಲ್ಲು ಅವನ ಮೇಜಿನ ಮೇಲೇ ಬಿದ್ದಿತ್ತು. ಉಜ್ಜುವಾಗ ಕೊಂಚ ಒತ್ತಿದರೆ ಸಾಕು, ಎಂಥ ಕಲ್ಲಾದರೂ ಬಿರುಕು ಬಿಟ್ಟಂತೆ ಕಾಣುತ್ತದೆ. ಅದು ಅವನಿಗೆ ಗೊತ್ತಿತ್ತು; ಬಿರುಕು ಕಂಡರೆ ಕಂಪನಿಯವರು ಆ ಗುಡ್ಡವನ್ನು ಮುಟ್ಟುತ್ತಿರಲಿಲ್ಲ. ಒತ್ತಬೇಕು ಎಂದುಕೊಂಡೇ ಮೂರನೇ ದಿನ ಕೂತ. ಆದರೆ ಕೈ ಮಾತು ಕೇಳಲಿಲ್ಲ; ತನ್ನ ಪಾಡಿಗೆ ತಾನು ಹದವಾಗಿ ಉಜ್ಜಿಬಿಟ್ಟಿತು. ಇಷ್ಟು ಚೆನ್ನಾದ ಬಿಲ್ಲೆ ನೋಡೇ ಇಲ್ಲ ಎಂದರು ಮೇಷ್ಟ್ರು. ಬಿರುಕಿಲ್ಲದ ಮೊದಲ ದರ್ಜೆಯ ಕಲ್ಲು ಎಂದು ವರದಿ ಹೋಯಿತು.

ಮೂರು ವರ್ಷ ಅವನು ಊರಿನ ಕಡೆ ತಲೆ ಹಾಕಲಿಲ್ಲ. ಕೊನೆಗೆ ಪಾರ್ವತಮ್ಮನೇ ಹೊರಡಿಸಿದಳು. ಹೋಗಿ ನೋಡಿದರೆ ಗುಡ್ಡವಿದ್ದಲ್ಲಿ ಹಸಿರು ನೀರು ನಿಂತ ಹೊಂಡ. ಅಪ್ಪನ ಸಮಾಧಿಯ ಮೇಲೆ ಕ್ವಾರಿಯವರು ಸುರಿದ ಕಲ್ಲಿನ ರಾಶಿ, ಎರಡಾಳೆತ್ತರ. ತಮ್ಮ ಅಮರೇಶ ಆ ಕ್ವಾರಿಯ ಗೇಟಿನಲ್ಲೇ ವಾಚ್‌ಮನ್ ಆಗಿದ್ದ.

"ಮೈಸೂರಲ್ಲಿ ಯಾರೋ ಪರೀಕ್ಷೆ ಮಾಡಿ ಒಳ್ಳೆ ಕಲ್ಲು ಅಂದ್ರಂತೆ ಕಣಣ್ಣ. ಅವರ ಕೈ ಸೇದೋಗ!"

ಶಿವಮಲ್ಲಪ್ಪ ಕಲ್ಲಿನ ರಾಶಿಯನ್ನೇ ನೋಡುತ್ತ ನಿಂತ. ಎಲ್ಲ ಗೊತ್ತಿದ್ದ ಪಾರ್ವತಮ್ಮನೇ ಬಾಯಿ ಹಾಕಿದಳು: "ಬುಡಪ್ಪ, ಯಾಕೆ ಶಾಪ ಆಕ್ತೀಯ?"

ವಾಪಸ್ ಬರುವಾಗ ನಂಜನಗೂಡು ದಾಟಿದ ಮೇಲೆ ಅವನು, "ಕಲ್ಲು ಉಜ್ಜಿದ್ದು ನಾನೇ ಅಂತ ಅಮರೇಶನಿಗೆ ಹೇಳ್ಬೇಕಾಗಿತ್ತು" ಎಂದ.

"ಹೇಳಿದ್ರೆ ಗುಡ್ಡ ವಾಪಸ್ ಬತ್ತದಾ?"

ಮಾರನೇ ವಾರವೇ ಅರ್ಜಿ ಕೊಟ್ಟು ಕಾಲೇಜಿನ ಲೈಬ್ರರಿಗೆ ಹಾಕಿಸಿಕೊಂಡ. ಹೊಸಬರ ಕೈಯಲ್ಲಿ ಬಿಲ್ಲೆಗಳು ಒಡೆಯುತ್ತಿದ್ದವು. ಮೇಷ್ಟ್ರು ಎರಡು ಸಲ ಹೇಳಿಕಳಿಸಿದರು, ಅವನು ಹೋಗಲಿಲ್ಲ. ಎರಡು ಸಾವಿರದ ಆರರಲ್ಲಿ ರಿಟೈರಾದ. ಅಮರೇಶನಿಗೆ ಕಡೆಗೂ ಹೇಳಲಿಲ್ಲ.

ಎಡೆ ಇಡಲು ಅಪ್ಪನ ಸಮಾಧಿ ಕಲ್ಲಿನಡಿ ಹೋಗಿತ್ತು; ಫೋಟೋವನ್ನೂ ಯಾರೂ ತೆಗೆಸಿರಲಿಲ್ಲ. ವರ್ಷಕ್ಕೊಮ್ಮೆ ಹಿರಿಯರ ಪೂಜೆಯ ದಿನ ಪಾರ್ವತಮ್ಮ ಎಡೆ ಹಿಡಿದು, "ಇದನ್ನ ಎಲ್ಲಿಡ್ಲಿ?" ಎನ್ನುವಳು. ಅವನು ಗೋಡೆಯ ಕಡೆ ತಿರುಗಿ ಕೂರುತ್ತಿದ್ದ.